ಲಿಂಕ್ ಬೇಡ, ಬಯಾಪ್ಸಿ ರಿಪೋರ್ಟ್ ತೆಗೆಯಿರಿ

ಈಚೆಗೆ ಪ್ರಶ್ನೆ ಕಳಿಸುವವರು ಕಾಯಿಲೆಯ ವಿವರ ಬರೆಯುವುದೇ ಇಲ್ಲ. ಒಂದು ವಿಡಿಯೋ ಲಿಂಕ್, ಅದರ ಕೆಳಗೆ ‘ಇದು ಖರೇನಾ?’ ಅಷ್ಟೇ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆಯಿಂದ ಇದೇ ಹಾಡು. ಈ ಸಲ ಒಬ್ಬರಿಗೆ ಉದ್ದ ಉತ್ತರ, ಉಳಿದವರು ಸಿಕ್ಕಷ್ಟಕ್ಕೆ ತೃಪ್ತಿಪಡಬೇಕು.

ಅವ್ವಗ ಎದಿ ಕ್ಯಾನ್ಸರ್ ಆಗೇದ್ರಿ. ನಾಕು ಕೀಮೋ ಮುಗದಾವ, ಇನ್ನಾ ನಾಕು ಅದಾವ. ನಮ್ಮ ಕಾಕಾ ದಿನಾ ವಿಡಿಯೋ ಕಳಸ್ತಾರ. ಒಂದರಾಗ ಬಿಳಿ ಕೋಟಿನವ್ರು ‘ಕೀಮೋ ಬಿಡ್ರಿ, ಲಕ್ಷ್ಮಣ ಫಲದ ಎಲಿ ಕಷಾಯ ಕುಡೀರಿ’ ಅಂತಾರ. ಹನ್ನೆರಡು ಲಕ್ಷ ಮಂದಿ ನೋಡ್ಯಾರ. ಯಾವುದು ನಂಬಬೇಕ್ರಿ? – ಸಿಂಧನೂರು

ಐದನೇ ಕೀಮೋ ತಪ್ಪಿಸಬೇಡಿ. ಉಳಿದ ಮಾತು ಆಮೇಲೆ. ಎರಡು ಡೋಸ್‌ಗಳ ನಡುವಿನ ಅಂತರಕ್ಕೆ ಲೆಕ್ಕವಿದೆ. ಅಷ್ಟರಲ್ಲಿ ಬಿಳಿ ರಕ್ತಕಣಗಳು ಸುಧಾರಿಸಿಕೊಳ್ಳುತ್ತವೆ, ಗಡ್ಡೆ ಸುಧಾರಿಸಿಕೊಳ್ಳುವ ಮೊದಲೇ ಮುಂದಿನ ಪೆಟ್ಟು ಬೀಳುತ್ತದೆ. ಅರ್ಧಕ್ಕೆ ಬಿಟ್ಟರೆ ಉಳಿದ ಕೋಶಗಳಿಗೆ ಮತ್ತೆ ಬೆಳೆಯಲು ನೀವೇ ಬಿಡುವು ಕೊಟ್ಟಂತೆ. ಹರಡದ ಸ್ತನ ಕ್ಯಾನ್ಸರಿಗೆ ಬರೀ ಪರ್ಯಾಯ ಚಿಕಿತ್ಸೆ ನೆಚ್ಚಿದವರಲ್ಲಿ ಸಾವಿನ ಅಪಾಯ ಐದು ಪಟ್ಟಿಗೂ ಮೇಲಿತ್ತು ಎಂದು ಅಮೆರಿಕದ ಯೇಲ್ ವೈದ್ಯರ 2018ರ ಅಧ್ಯಯನ ತೋರಿಸಿದೆ.

ಹನ್ನೆರಡು ಲಕ್ಷ ಎಂಬ ಸಂಖ್ಯೆಯನ್ನು ಮರೆತುಬಿಡಿ. ಪ್ರಾಸ್ಟೇಟ್ ಕ್ಯಾನ್ಸರ್ ಬಗೆಗಿನ 150 ಯೂಟ್ಯೂಬ್ ವಿಡಿಯೋಗಳನ್ನು ಪರಿಶೀಲಿಸಿದ ತಜ್ಞರು 2019ರಲ್ಲಿ ಹೇಳಿದ್ದು ಇದು: ನೂರಕ್ಕೆ 77ರಲ್ಲಿ, ವಿಡಿಯೋದಲ್ಲೋ ಕೆಳಗಿನ ಕಾಮೆಂಟಿನಲ್ಲೋ, ದಾರಿತಪ್ಪಿಸುವ ಇಲ್ಲವೇ ಒಮ್ಮುಖದ ಮಾತಿತ್ತು. ಗುಣಮಟ್ಟ ಕಡಿಮೆ ಇದ್ದವನ್ನೇ ಜನ ಹೆಚ್ಚು ಮೆಚ್ಚಿದ್ದರು.

ಈಗ ಅವ್ವನ ಫೈಲ್ ತೆಗೆಯಿರಿ. ಸ್ಕ್ಯಾನ್ ಫಿಲ್ಮ್ ಪಕ್ಕಕ್ಕಿಟ್ಟು ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ಮತ್ತು ಐಎಚ್‌ಸಿ (ಆ ಚೂರಿನಲ್ಲೇ ಕ್ಯಾನ್ಸರಿನ ಬಗೆ ಗುರುತಿಸುವ ಪರೀಕ್ಷೆ) ಎಂಬ ಎರಡು ಹಾಳೆ ಹುಡುಕಿ. ಇಆರ್, ಪಿಆರ್, ಹರ್-2 ಎಂಬ ಮೂರು ಸಾಲು ಕಾಣುತ್ತವೆ. ಮೊದಲೆರಡು ಗಡ್ಡೆ ಹಾರ್ಮೋನಿಗೆ ಸ್ಪಂದಿಸುತ್ತದೆಯೇ ಎಂಬುದರ ಗುರುತು, ಹರ್-2 ಗಡ್ಡೆ ಬೆಳೆಸುವ ಒಂದು ಪ್ರೋಟೀನ್. ಇಆರ್ ಪಾಸಿಟಿವ್ ಇದ್ದರೆ ಹಾರ್ಮೋನ್ ತಡೆಯುವ ಮಾತ್ರೆ, ಅದೂ ಕನಿಷ್ಠ ಐದು ವರ್ಷ. ಹರ್-2 ‘3+’ ಇದ್ದರೆ ಅದಕ್ಕೇ ಬೇರೆ ಇಂಜೆಕ್ಷನ್. ‘2+’ ಇದ್ದರೆ ತೀರ್ಮಾನವಾಗಿಲ್ಲ ಎಂದರ್ಥ, ಫಿಶ್ ಎಂಬ ಇನ್ನೊಂದು ಪರೀಕ್ಷೆ ಆಗಬೇಕು. ಮೂರೂ ನೆಗೆಟಿವ್ ಇದ್ದರೆ ದಾರಿಯೇ ಬೇರೆ. ಇನ್ನು ಗ್ರೇಡ್ ಮತ್ತು ಸ್ಟೇಜ್. ಇವೆರಡನ್ನೂ ಒಂದೇ ಎಂದುಕೊಂಡು ಮನೆಮಂದಿಯೆಲ್ಲ ಅತ್ತು ಕರೆಯುವುದು ಸಾಕಾಗಿಹೋಗಿದೆ. ಗ್ರೇಡ್ 3 ಎಂದರೆ ಸೂಕ್ಷ್ಮದರ್ಶಕದಲ್ಲಿ ಕೋಶ ಎಷ್ಟು ಕೆಟ್ಟಿದೆ ಎಂಬುದು, ಕಾಯಿಲೆ ಎಲ್ಲಿಯವರೆಗೆ ಹೋಗಿದೆ ಎಂಬುದು ಸ್ಟೇಜ್. ಗ್ರೇಡ್ 3 ಇದ್ದೂ ಸ್ಟೇಜ್ 1 ಇರಬಹುದು.

ಆ ಹಾಳೆ ಎದುರಿಗಿಟ್ಟುಕೊಂಡು ವಿಡಿಯೋ ಹಾಕಿ. ಅದರಲ್ಲಿ ಯಾವ ಸ್ಟೇಜ್, ಯಾವ ಬಗೆ ಎಂಬ ಮಾತೇ ಬರದಿದ್ದರೆ ಅದು ನಿಮ್ಮವ್ವನಿಗಾಗಿ ಮಾಡಿದ್ದಲ್ಲ, ಯಾವ ರೋಗಿಗೂ ಅಲ್ಲ. ಸ್ತನ, ಗಂಟಲು, ರಕ್ತ ಎಲ್ಲ ಕ್ಯಾನ್ಸರಿಗೂ ಒಂದೇ ಕಷಾಯ ಎನ್ನುವವರು ಸಂತೆಯಲ್ಲಿ ಮೂಲಿಕೆ ಮಾರುವವರಿಗಿಂತ ಹೆಚ್ಚೇನೂ ಅಲ್ಲ, ಕ್ಯಾಮೆರಾ ಇದೆ ಅಷ್ಟೇ.

‘ಗುಣವಾದವರು’ ಬಂದು ಮಾತಾಡುವ ಜಾಗದಲ್ಲಿ ವಿಡಿಯೋ ನಿಲ್ಲಿಸಿ. ಕೈಯಲ್ಲಿ ಹಿಡಿದ ಕಾಗದ ಬಯಾಪ್ಸಿಯದೋ ಬರೀ ಸ್ಕ್ಯಾನಿನದೋ, ತಾರೀಖು ಕಾಣುತ್ತದೋ ಇಲ್ಲವೋ ನೋಡಿ. ‘ಆಪರೇಷನ್ ಆಗಿತ್ತು, ಆಮೇಲೆ ಕಷಾಯ ಕುಡಿದೆ’ ಎಂದು ನಡುವೆ ಅರ್ಧ ವಾಕ್ಯ ತೇಲಿ ಹೋಗುತ್ತದೆ. ಗಡ್ಡೆ ತೆಗೆದದ್ದು ಸರ್ಜನ್, ಹಾರ ಬಿದ್ದದ್ದು ಕಷಾಯಕ್ಕೆ. ಕುಡಿದು ತೀರಿಕೊಂಡವರನ್ನು ಯಾರೂ ವಿಡಿಯೋ ಮಾಡುವುದಿಲ್ಲ.

ಬಿಳಿ ಕೋಟು ಅಂಗಡಿಯಲ್ಲಿ ಸಿಗುತ್ತದೆ. ಅವರ ಪೂರ್ತಿ ಹೆಸರು, ಪದವಿ, ನೋಂದಣಿ ಸಂಖ್ಯೆ ಇದೆಯೇ? ಇದ್ದರೆ ಮೆಡಿಕಲ್ ಕೌನ್ಸಿಲ್ ವೆಬ್‌ಸೈಟಿನಲ್ಲಿ ಹುಡುಕಿ. ವಿಡಿಯೋ ಕೆಳಗೆ ವಾಟ್ಸಾಪ್ ನಂಬರು, ಕೊರಿಯರ್ ದರ ಇದ್ದರೆ ಹುಡುಕುವ ಶ್ರಮವೂ ಬೇಡ. ಕ್ಯಾನ್ಸರ್ ವಾಸಿ ಮಾಡುತ್ತೇವೆಂದು ಔಷಧದ ಜಾಹೀರಾತು ಕೊಡುವುದು 1954ರ ಕಾಯ್ದೆಯಲ್ಲೇ ಅಪರಾಧ. ತೆಲುಗು, ಹಿಂದಿ ವಿಡಿಯೋಗಳಿಗೆ ಕನ್ನಡ ದನಿ ಕೂಡಿಸಿದ್ದನ್ನು ಇನ್ನೂ ಹುಷಾರಾಗಿ ನೋಡಿ. ‘ಗಡ್ಡೆ ಕುಗ್ಗಿತು’ ಎಂಬುದು ದಾಟಿ ಬರುವಷ್ಟರಲ್ಲಿ ‘ವಾಸಿಯಾಯಿತು’ ಆಗಿರುತ್ತದೆ.

ಲಕ್ಷ್ಮಣ ಫಲದ ಸಾರ ಲ್ಯಾಬಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಕೊಲ್ಲುವುದು ನಿಜ. ಗಟ್ಟಿ ಉಪ್ಪುನೀರೂ ಕೊಲ್ಲುತ್ತದೆ. ರೋಗಿಯ ಮೈಯಲ್ಲಿ ಗಡ್ಡೆ ಕರಗಿಸಿದ ಪುರಾವೆ ಇಲ್ಲ. ಕೆರಿಬಿಯನ್ ಕಡಲಿನ ಗ್ವಾಡಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆಕಷಾಯ ಹೆಚ್ಚು ಬಳಸುವವರಲ್ಲಿ ಪಾರ್ಕಿನ್ಸನ್ ತರಹದ ನರದ ಕಾಯಿಲೆ ಕಂಡುಬಂದದ್ದು 1999ರಲ್ಲೇ ವರದಿಯಾಗಿದೆ. ಹೆಸರಿಲ್ಲದ ಪುಡಿಯಂತೂ ಬೇಡವೇ ಬೇಡ. ನಾಲ್ಕು ದಿನದಲ್ಲಿ ಹಸಿವು ಹೆಚ್ಚಿ ಮುಖ ತುಂಬಿಕೊಂಡರೆ ಪುಡಿಯಲ್ಲಿ ಸ್ಟೆರಾಯ್ಡ್ ಬೆರೆತಿದೆಯೆಂದು ಅನುಮಾನಿಸಿ. ಆಗಲೇ ಕುಡಿಸಿದ್ದರೆ ಮುಂದಿನ ಕೀಮೋಗೆ ಮೊದಲು ಡಾಕ್ಟರಿಗೆ ಪೊಟ್ಟಣ ಸಮೇತ ತೋರಿಸಿ. ಬೈಸಿಕೊಂಡರೂ ಚಿಂತೆಯಿಲ್ಲ, ಲಿವರ್ ಪರೀಕ್ಷೆಯಾಗುತ್ತದೆ.

ವಿಡಿಯೋ ಪೂರಾ ಬೇಡವೆಂದೇನಿಲ್ಲ. ಆಪರೇಷನ್ ಆದಮೇಲೆ ತೋಳಿನ ವ್ಯಾಯಾಮ, ಬಾಯಿಹುಣ್ಣಿನ ಆರೈಕೆ, ಇಂಥವನ್ನು ಓದುವುದಕ್ಕಿಂತ ನೋಡಿ ಕಲಿಯುವುದು ಸುಲಭ. ಕಿದ್ವಾಯಿ, ಟಾಟಾ ಮೆಮೋರಿಯಲ್‌ನಂಥ ಆಸ್ಪತ್ರೆಗಳೇ ಹಾಕಿದ್ದನ್ನು ನೋಡಿ, ಯಾವ ವರ್ಷದ್ದೆಂದೂ ನೋಡಿ. ಕೀಮೋದಲ್ಲಿರುವವರಿಗೆ ಹಸಿ ಮೊಳಕೆಕಾಳು, ಹಸಿ ಸೊಪ್ಪಿನ ರಸ ಕುಡಿಸುವ ವಿಡಿಯೋ ಮಾತ್ರ ಅಳಿಸಿಹಾಕಿ. ಡೋಸ್ ಆಗಿ 7ರಿಂದ 14 ದಿನದ ಹೊತ್ತಿಗೆ ಬಿಳಿಕಣ ತೀರಾ ಇಳಿದಿರುತ್ತವೆ, ಸೋಂಕು ತರಲು ಹಸಿಯದರಲ್ಲಿರುವ ಸೂಕ್ಷ್ಮಾಣುವೇ ಸಾಕು. ಜ್ವರ 100.4 ಡಿಗ್ರಿ ಮುಟ್ಟಿತೆಂದರೆ ಮಾತ್ರೆ ನುಂಗಿಸಿ ಬೆಳಗಿನತನಕ ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಿರಿ. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ.

ದುಡ್ಡು, ದೂರ ಎರಡೂ ಸೇರಿ ಜನರನ್ನು ಕಷಾಯದ ಕಡೆ ತಳ್ಳುತ್ತವೆಂಬುದು ಗೊತ್ತು. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು ಇದೆ. ಬೆಂಗಳೂರು ದೂರವಾದರೆ ಕಿದ್ವಾಯಿಯ ಕಲಬುರಗಿ ಕೇಂದ್ರ ವಿಚಾರಿಸಿ.

ಸೂಜಿ ಚುಚ್ಚಿ ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದಂತೆ? – ಸಿರುಗುಪ್ಪ

ಆ ಅಪಾಯ ತೀರಾ ಅಪರೂಪ. ಬಯಾಪ್ಸಿ ಮಾಡಿಸದೆ ಆರು ತಿಂಗಳು ಕೂತರೆ ಹರಡುವ ಅಪಾಯ ಅದಕ್ಕಿಂತ ಬಹಳ ದೊಡ್ಡದು.

ನಿಂಬೆರಸಕ್ಕೆ ಸೋಡಾ ಹಾಕಿ ಕುಡಿದರೆ ರಕ್ತ ಕ್ಷಾರೀಯವಾಗಿ ಗಡ್ಡೆ ಸಾಯುತ್ತದೆಯೇ? – ಕುಷ್ಟಗಿ

ರಕ್ತದ ಪಿಎಚ್ 7.35ರಿಂದ 7.45ರೊಳಗೆ ಇರುವಂತೆ ಶ್ವಾಸಕೋಶ, ಮೂತ್ರಪಿಂಡ ಕಾಯುತ್ತಿರುತ್ತವೆ. ನಿಮ್ಮ ಲೋಟಕ್ಕೆ ಅವು ಜಗ್ಗುವುದಿಲ್ಲ. ಅಡುಗೆ ಸೋಡಾ ಬೇಕಿದ್ದರೆ ಒಂದು ಲೀಟರ್ ಕಾಸಿ ಆರಿಸಿದ ನೀರಿಗೆ ಒಂದು ಚಮಚ ಸೋಡಾ, ಒಂದು ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ, ಉಗುಳಿ.

ಸಕ್ಕರೆ, ಬೆಲ್ಲ ಪೂರ್ತಿ ಬಿಡಬೇಕೆ? – ಸಂಡೂರು

ಸಕ್ಕರೆ ಕಾಯಿಲೆ ಇದ್ದರೆ ಹಿಡಿತ ಬೇಕು. ಇಲ್ಲದಿದ್ದರೆ ರೋಗಿಯನ್ನು ಉಪವಾಸ ಕೆಡವಬೇಡಿ. ತೂಕ ಇಳಿದರೆ ಡೋಸ್ ತಡೆದುಕೊಳ್ಳಲು ಆಗುವುದಿಲ್ಲ.

ಗುಟ್ಕಾ ತಿಂದು ಬಾಯಿ ತೆರೆಯುತ್ತಿಲ್ಲ. ಎಣ್ಣೆ ಮುಕ್ಕಳಿಸುವ ವಿಡಿಯೋ ನೋಡಿ ಎರಡು ತಿಂಗಳಿಂದ ಮಾಡುತ್ತಿದ್ದೇನೆ. – ಗಂಗಾವತಿ

ಎರಡು ತಿಂಗಳು ಹಾಳು ಮಾಡಿಕೊಂಡಿರಿ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ನಿಲ್ಲಿಸಿ ನೋಡಿ. ಹಿಡಿಸದಿದ್ದರೆ ಅಡಿಕೆಯಿಂದ ಕೆನ್ನೆಯ ಒಳಪದರ ನಾರುಗಟ್ಟಿದೆ, ಮುಂದೆ ಕ್ಯಾನ್ಸರಿಗೆ ತಿರುಗಬಹುದಾದ ಸ್ಥಿತಿ ಅದು. ಎಣ್ಣೆಗೆ ಆ ನಾರು ಬಿಡುವುದಿಲ್ಲ. ಗುಟ್ಕಾ ಇವತ್ತೇ ಬಿಡಿ. ಈ ವಾರವೇ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಹೋಗಿ ದಂತ ವೈದ್ಯರಿಗೋ ಕಿವಿ-ಮೂಗು-ಗಂಟಲು ವೈದ್ಯರಿಗೋ ತೋರಿಸಿ. ಒಳಗೆ ಮೂರು ವಾರದಿಂದ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ಬಯಾಪ್ಸಿ ಮಾಡಿ ಎಂದು ನೀವೇ ಕೇಳಿ.