ಎಂಟುನೂರು ಸಸಿಗೆ ಒಂದು ಲಕ್ಷ ರೂಪಾಯಿ ಸಿಗುತ್ತದೆಯೇ?

ಪ್ರಶ್ನೆ: ಇಂಡಿ ತಾಲ್ಲೂಕಿನಲ್ಲಿ ನಮ್ಮದು ಐದು ಎಕರೆ ಎರೆ (ಕಪ್ಪು ಮಣ್ಣಿನ) ಭೂಮಿ. ಹಿಂಗಾರಿಗೆ ಬಿಳಿಜೋಳ, ಕಡಲೆ ಬಿತ್ತುತ್ತೇವೆ. ಅರಣ್ಯ ಇಲಾಖೆಯ ಯೋಜನೆಯಲ್ಲಿ 800 ಸಸಿ ಹಚ್ಚಿದರೆ ಒಂದು ಲಕ್ಷ ರೂಪಾಯಿ ಬರುತ್ತದೆ ಎಂದು ಊರಲ್ಲಿ ಹೇಳುತ್ತಿದ್ದಾರೆ, ನಿಜವೇ? ಕೃಷಿ ಹೊಂಡವನ್ನು ಮೊದಲು ತೋಡಿಸಿ ಆಮೇಲೆ ಸಹಾಯಧನ ಕೇಳಬಹುದೇ? ಉತಾರ (ಪಹಣಿ) ಇನ್ನೂ ತೀರಿಕೊಂಡ ತಂದೆಯವರ ಹೆಸರಿನಲ್ಲಿದೆ.

ಉತ್ತರ: ನಿಮ್ಮ ಊರವರು ಹೇಳುತ್ತಿರುವುದು 2011-12ರಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಮಾತು. ಇದರಲ್ಲಿ ರಿಯಾಯಿತಿ ದರಕ್ಕೆ ಸಸಿ ಪಡೆದು ನೆಟ್ಟ ರೈತರಿಗೆ, ಬದುಕುಳಿದ ಪ್ರತಿ ಸಸಿಗೆ ಮೊದಲ ವರ್ಷದ ಕೊನೆಗೆ 35, ಎರಡನೆಯ ವರ್ಷಕ್ಕೆ 40, ಮೂರನೆಯ ವರ್ಷಕ್ಕೆ 50 ರೂಪಾಯಿಯಂತೆ ಒಟ್ಟು 125 ರೂಪಾಯಿ ಸಿಗುತ್ತದೆ. ಹೆಕ್ಟೇರಿಗೆ 400 ಸಸಿಗಳ ಮಿತಿಯಿರುವುದರಿಂದ ನಿಮ್ಮ ಎರಡು ಹೆಕ್ಟೇರಿಗೆ 800 ಸಸಿ, ಒಂದು ಲಕ್ಷ ರೂಪಾಯಿ ಎಂಬ ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ 800 ಸಸಿ ಹಿಡಿಸಬೇಕಾದರೆ ಇಡೀ ಹೊಲದಲ್ಲಿ ಐದು ಮೀಟರಿಗೊಂದರಂತೆ ಎರಡೂ ದಿಕ್ಕಿಗೆ ಗುಂಡಿ ತೆಗೆಯಬೇಕು. ಮರ ನೆರಳು ಚೆಲ್ಲತೊಡಗಿದ ಮೇಲೆ ಅಲ್ಲಿ ಜೋಳದ ಆಸೆ ಬಿಡಬೇಕು. ಮೂರು ವರ್ಷಕ್ಕೆ ಹಂಚಿ ಬರುವ ಆ ಹಣಕ್ಕಾಗಿ ಮನೆಯ ಜೋಳ ಮತ್ತು ದನದ ಕಣಿಕೆ ಎರಡನ್ನೂ ಕಳೆದುಕೊಳ್ಳುವುದು ಜಾಣತನವೆಂದು ನನಗೆ ಅನ್ನಿಸುವುದಿಲ್ಲ.

ಒಡ್ಡಿನ ಮೇಲಷ್ಟೇ ಹಚ್ಚಿದರೆ ಲೆಕ್ಕ ಬೇರೆಯಾಗುತ್ತದೆ. ಹೊಲ ಚೌಕವಾಗಿದೆ ಎಂದುಕೊಂಡರೆ ಸುತ್ತಳತೆ ಸುಮಾರು 570 ಮೀಟರ್ ಆಗುತ್ತದೆ. ಐದು ಮೀಟರಿಗೊಂದರಂತೆ ಸುಮಾರು 110 ಸಸಿ ಕೂಡುತ್ತವೆ, ಎಲ್ಲವೂ ಉಳಿದರೆ 13,750 ರೂಪಾಯಿ ಬರುತ್ತದೆ. ಹಣ ಸಿಗುವುದು ನೆಟ್ಟಿದ್ದಕ್ಕಲ್ಲ, ಉಳಿದಿದ್ದಕ್ಕೆ. ಎರೆ ಭೂಮಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ; ಬಿರುಕು ಸಸಿಯ ಬುಡಕ್ಕೇ ಬಂದರೆ ಎಳೆಯ ಬೇರು ಹರಿದು, ಒಳಗಿನ ತೇವವೂ ಆರಿಹೋಗುತ್ತದೆ. ಆದ್ದರಿಂದ ಬುಡದ ಸುತ್ತ ಎಡೆ ಹೊಡೆದು ಬಿರುಕು ಮುಚ್ಚಿ, ತೊಗರಿ ಹೊಟ್ಟನ್ನೋ ಕಸಕಡ್ಡಿಯನ್ನೋ ಹೊದಿಸಿ, ಕೊಡದಲ್ಲಿ ಹೊತ್ತು ನೀರುಣಿಸಲು ಎಷ್ಟು ಸಸಿಗೆ ಸಾಧ್ಯವೋ ಅಷ್ಟನ್ನೇ ತನ್ನಿ. ಬೇವು, ಹುಣಸೆ, ಹೊಂಗೆ ನಿಮ್ಮ ಕಡೆ ತಾಳುವ ಮರಗಳು. ಸಾಗವಾನಿಗೆ ನೀರು ನಿಲ್ಲುವ ಆಳ ಎರೆ ಒಗ್ಗುವುದಿಲ್ಲ. ಬೇಡಿಕೆಯನ್ನು ಮಳೆಗಾಲಕ್ಕೆ ಸಾಕಷ್ಟು ಮೊದಲೇ ವಲಯ ಅರಣ್ಯ ಕಚೇರಿಯಲ್ಲಿ ನೋಂದಾಯಿಸಿ.

ಹೊಂಡವನ್ನು ಮಾತ್ರ ಮೊದಲೇ ತೋಡಿಸಬೇಡಿ. 2014-15ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90ರಷ್ಟು ಸಹಾಯಧನವಿದೆ. ಆದರೆ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಕೊಟ್ಟು, ಸಿಬ್ಬಂದಿ ಜಾಗ ನೋಡಿ, ಕಾರ್ಯಾದೇಶ ಕೈಗೆ ಬಂದ ಮೇಲೆಯೇ ಜೆಸಿಬಿ ಕರೆಸಬೇಕು. ಕೆಲಸಕ್ಕೆ ಮೊದಲಿನ ಮತ್ತು ಮುಗಿದ ಮೇಲಿನ ಫೋಟೊಗಳನ್ನು ಹೊಲದಲ್ಲೇ ತೆಗೆಯುವುದರಿಂದ, ತೋಡಿದ ಹೊಂಡಕ್ಕೆ ಹಿಂದಿನಿಂದ ಕಾಗದ ಹೊಂದಿಸಲು ಹೋದವರು ಸಾಮಾನ್ಯವಾಗಿ ಬರಿಗೈಯಲ್ಲಿ ಮರಳುತ್ತಾರೆ. ಹೊಂಡಕ್ಕೆ ತಂತಿಬೇಲಿಯನ್ನೂ ಕೇಳಿಕೊಳ್ಳಿ. ಬೇಲಿಯಿಲ್ಲದ ಹೊಂಡಗಳಲ್ಲಿ ಮಕ್ಕಳು ಬಿದ್ದು ಸತ್ತ ಸುದ್ದಿಗಳನ್ನು ನೀವೂ ಓದಿರುತ್ತೀರಿ.

ಇವೆರಡಕ್ಕೂ ಮೊದಲು ಆಗಬೇಕಾದ ಕೆಲಸ ಉತಾರದ್ದು. ಸಹಾಯಧನದ ಹಣ ಫ್ರೂಟ್ಸ್ (ಸರ್ಕಾರದ ರೈತರ ನೋಂದಣಿ ವ್ಯವಸ್ಥೆ) ಗುರುತಿನ ಸಂಖ್ಯೆಯ ಆಧಾರದ ಮೇಲೆ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ, ಆ ಸಂಖ್ಯೆಗೆ ಉತಾರದಲ್ಲಿ ನಿಮ್ಮ ಹೆಸರು ಇರಬೇಕು. ತಂದೆಯವರ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ತಲಾಟಿಯವರನ್ನು (ಗ್ರಾಮ ಲೆಕ್ಕಿಗರನ್ನು) ಕಂಡು ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಿ. ಅಣ್ಣತಮ್ಮಂದಿರ ಹೆಸರೂ ಜಂಟಿಯಾಗಿ ಏರಿದರೆ, ಅವರು ಸೊಲ್ಲಾಪುರದಲ್ಲಿರಲಿ ಪುಣೆಯಲ್ಲಿರಲಿ, ಊರಿಗೆ ಬಂದಾಗಲೇ ಒಪ್ಪಿಗೆ ಪತ್ರಕ್ಕೆ ಸಹಿ ಪಡೆದಿಟ್ಟುಕೊಳ್ಳಿ.