ವೆಲ್ಡಿಂಗ್ ಪಕ್ಕದಲ್ಲೇ ಯಾಕೆ ಬಗ್ಗಿತು?

ಪ್ರಶ್ನೆ: ನನ್ನ ದೋಣಿಯ ಎಂಜಿನ್ ಕೂರಿಸುವ ಅಲ್ಯೂಮಿನಿಯಂ ಬ್ರಾಕೆಟ್ ಬಿರುಕು ಬಿಟ್ಟಿತ್ತು. ವೆಲ್ಡಿಂಗ್ ಮಾಡಿಸಿದೆ. ಎರಡೇ ತಿಂಗಳಲ್ಲಿ ಮತ್ತೆ ಬಗ್ಗಿದೆ. ಕತ್ತಿಗೆ ಹದ ಕೊಟ್ಟ ಹಾಗೆ ಕುಲುಮೆಯಲ್ಲಿ ಕಾಯಿಸಿ ನೀರಿಗೆ ಅದ್ದಿದರೆ ಗಟ್ಟಿಯಾಗುತ್ತದೆ ಅನ್ನುತ್ತಾರೆ. ಮಾಡಿಸಲಾ? ಅದರ ಮೇಲೆ 6061-ಟಿ6 ಎಂದು ಬರೆದಿದೆ. ಫೋಟೋ ಕಳಿಸಿದ್ದೇನೆ.
– ಓದುಗರು, ತದಡಿ

ಉತ್ತರ: ದಯವಿಟ್ಟು ಮಾಡಿಸಬೇಡಿ. ನಿಮ್ಮ ಫೋಟೋ ನೋಡಿದೆ. ವೆಲ್ಡಿಂಗ್ ಗಟ್ಟಿಯಾಗೇ ಇದೆ. ಬಗ್ಗಿರುವುದು ಅದರಿಂದ ಒಂದು ಬೆರಳು ಆಚೆ, ಅಲ್ವಾ? ವೆಲ್ಡಿಂಗ್ ಬಿಸಿಗೆ ಹದ ಕಳೆದುಕೊಂಡ ಜಾಗ ಅದು. ಅಲ್ಲಿ ಸುಮಾರು ಶೇ. 40ರಷ್ಟು ಬಲ ಹೋಗಿರುತ್ತದೆ.

ಕಾಯಿಸಿದ ಉಕ್ಕಿನ ಕತ್ತಿ ನೀರಿಗೆ ಬಿದ್ದ ಕೂಡಲೇ ಗಡಸಾಗುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ನಾನು ಬೆಂಗಳೂರಿನ ಹೀಟ್ ಟ್ರೀಟ್‌ಮೆಂಟ್ ಶಾಪಿನಲ್ಲಿ 22 ವರ್ಷ ಕೆಲಸ ಮಾಡಿದವನು. ನೀರಿನಿಂದ ತೆಗೆದ ತುಂಡು ಸೊಟ್ಟಗಾಗಿದ್ದರೆ ಆಗಲೇ ತಟ್ಟಿ ನೇರ ಮಾಡುತ್ತಿದ್ದೆವು, ಅಷ್ಟು ಮೆತ್ತಗಿರುತ್ತಿತ್ತು. 6061 ಅಂದರೆ ನಿಮ್ಮ ಬ್ರಾಕೆಟ್ಟಿನ ಮಿಶ್ರಲೋಹದ ಹೆಸರು. ಅದನ್ನು ಸುಮಾರು 530 ಡಿಗ್ರಿಗೆ ಕಾಯಿಸಿದಾಗ ಅದರೊಳಗಿನ ಮೆಗ್ನೀಸಿಯಂ, ಸಿಲಿಕಾನ್ ಕರಗಿ ಬೆರೆಯುತ್ತವೆ. ತಕ್ಷಣ ನೀರಿಗೆ ಹಾಕಬೇಕು. ಆಮೇಲೆ 175 ಡಿಗ್ರಿಯ ಓವನ್‌ನಲ್ಲಿ ಸುಮಾರು ಎಂಟು ಗಂಟೆ ಇಟ್ಟರೆ ಅವೆರಡೂ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಒಳಗೆಲ್ಲ ಹರಡುತ್ತವೆ. ಲೋಹ ಬಗ್ಗದಂತೆ ತಡೆಯುವುದು ಈ ಕಣಗಳೇ. ಟಿ6 ಅಂದರೆ ಇದೇ ಹದ. ಪೂರ್ತಿ ಮೆತ್ತಗೆ ಮಾಡಿದ 6061 ಸುಮಾರು 55 ಮೆಗಾಪ್ಯಾಸ್ಕಲ್‌ಗೇ (ಲೋಹದ ಮೇಲೆ ಬೀಳುವ ಒತ್ತಡದ ಅಳತೆ) ಬಗ್ಗುತ್ತದೆ, ಟಿ6 ಆದರೆ 275ರ ತನಕ ತಡೆಯುತ್ತದೆ.

ಕುಲುಮೆಯಲ್ಲಿ ಇದನ್ನು ಕಣ್ಣಂದಾಜಿನಲ್ಲಿ ಮಾಡಲು ಆಗದು. ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಗಾಗಿ ಸೂಚನೆ ಕೊಡುವುದಿಲ್ಲ. 580 ದಾಟಿದರೆ 6061 ಒಳಗಿಂದ ಕರಗಲು ಶುರುವಾಗಿ ಹಾಗೇ ಕುಸಿಯುತ್ತದೆ.

1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್, ತಣಿಸಿದ ಮೇಲೆ ನಿಧಾನಕ್ಕೆ ಗಡಸಾಗುವ ಈ ಗುಣ ಕಂಡುಕೊಂಡದ್ದು ತಾಮ್ರ ಬೆರೆತ ಅಲ್ಯೂಮಿನಿಯಂನಲ್ಲಿ. ಕಾಯಿಸಿ ತಣಿಸಿ ಸುಮ್ನೆ ಇಟ್ಟ ತುಂಡು ಕೆಲವು ದಿನಗಳಲ್ಲಿ ತಾನಾಗೇ ಗಡಸಾಗಿತ್ತು. ವಿಮಾನಕ್ಕೆ ಅದು ಒಳ್ಳೆಯದು. ಆದರೆ ತಾಮ್ರ ಜಾಸ್ತಿ ಇದ್ದರೆ ಉಪ್ಪುನೀರು ಬೇಗ ತಿನ್ನುತ್ತದೆ, ನಮ್ಮ ಕರಾವಳಿಗೆ ಬೇಡ.

5083 ಎಂಬ ಇನ್ನೊಂದು ಬಗೆಯ ಅಲ್ಯೂಮಿನಿಯಂ ಪ್ಲೇಟ್‌ನಲ್ಲಿ ಹೊಸ ಬ್ರಾಕೆಟ್ ಮಾಡಿಸಿ. ಅದರ ಬಲ ಓವನ್ ಹದದಿಂದ ಬಂದದ್ದಲ್ಲ, ಶೇ. 4.5ರಷ್ಟು ಮೆಗ್ನೀಸಿಯಂನಿಂದ. ಹಾಗಾಗಿ ವೆಲ್ಡಿಂಗ್ ಮಾಡಿದರೂ ಇಷ್ಟು ಸೋಲುವುದಿಲ್ಲ, ಸಮುದ್ರದ ನೀರಿಗೂ ಚೆನ್ನಾಗಿ ತಾಳುತ್ತದೆ. ಎಂಜಿನ್ ಹೊಗೆ ಕೊಳವೆಯ ಹತ್ತಿರ ಮಾತ್ರ ಹಾಕಬೇಡಿ. 65 ಡಿಗ್ರಿ ಮೀರಿ ಬಹಳ ಕಾಲ ಬಿಸಿ ತಿಂದರೆ ಅದಕ್ಕೂ ಒಳಗಿಂದ ಸವಕಳಿ ಹಿಡಿಯುತ್ತದೆ.

ಇನ್ನೊಂದು. ಫೋಟೋದಲ್ಲಿ ಸ್ಟೀಲ್ ಬೋಲ್ಟಿನ ಸುತ್ತ ಬಿಳಿ ಪುಡಿ ಕಾಣುತ್ತಿದೆ. ಎರಡು ಲೋಹ ಉಪ್ಪುನೀರಿನಲ್ಲಿ ತಾಗಿದ್ದರಿಂದ ಅಲ್ಯೂಮಿನಿಯಂ ಸವೆಯುತ್ತಿದೆ. ನಡುವೆ ನೈಲಾನ್ ವಾಷರ್, ತೂತಿನೊಳಗೆ ನೈಲಾನ್ ಬುಷ್ ಹಾಕಿಸಿ.

ಹೊಸದು ಕೈಗೆ ಬರುವ ತನಕ ಆ ಬ್ರಾಕೆಟ್ ನಂಬಿ ಅಘನಾಶಿನಿಯ ಅಳಿವೆ ದಾಟಬೇಡಿ.