ಮಕ್ಕಳು ಬರೀ ‘ಏನು’, ‘ಯಾವಾಗ’ ಅಂತಲೇ ಕೇಳುತ್ತಾರೆ. ಮೇಲಿನ ಹಂತದ ಪ್ರಶ್ನೆಗೆ ಜಾಸ್ತಿ ಅಂಕ ಇಟ್ಟರೆ ಸರಿಹೋಗುತ್ತಾ?

ದಯವಿಟ್ಟು ಅಂಕ ಇಡಬೇಡಿ. ಗೋಡೆಗೆ ಬ್ಲೂಮ್ ಚಾರ್ಟು (ಕಲಿಕೆಯನ್ನು ಸರಳದಿಂದ ಕಠಿಣದವರೆಗೆ ಆರು ಹಂತ ಮಾಡಿದ ಪಟ್ಟಿ), ಕೆಳಗಿನ ಹಂತದ ಪ್ರಶ್ನೆಗೆ 1 ಅಂಕ, ಮೇಲಿನದಕ್ಕೆ 5 ಅಂತ ನೀವು ಬರೆದಿದ್ದೀರಲ್ಲ, ಅದನ್ನೇ ನಾನು ಇಡೀ ಒಂದು ವರ್ಷ ಮಾಡಿದ್ದೇನೆ. ಎಂಟನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ ಆಗ.

ನೆನಪಿಡುವುದು, ಅರ್ಥ ಮಾಡಿಕೊಳ್ಳುವುದು, ಬಳಸುವುದು, ಬಿಡಿಸಿ ನೋಡುವುದು, ತೂಗಿ ನೋಡುವುದು, ಹೊಸದನ್ನು ಕಟ್ಟುವುದು. ಆರು ಹಂತ, ಒಂದೊಂದರ ಎದುರಿಗೂ ಅದಕ್ಕೆ ಹೊಂದುವ ಪ್ರಶ್ನೆ ಪದಗಳು. ಪಾಠ ಮುಗಿದ ಮೇಲೆ ಎಲ್ಲರೂ ಚೀಟಿಯಲ್ಲಿ ಒಂದು ಪ್ರಶ್ನೆ ಬರೆದು ಕೊಡಬೇಕಿತ್ತು. ಎರಡೇ ವಾರದಲ್ಲಿ ಚೀಟಿಗಳ ಭಾಷೆಯೇ ಬದಲಾಯಿತು. ‘ಒಂದು ವೇಳೆ’, ‘ವಿಮರ್ಶಿಸಿ’, ‘ನಿಮ್ಮ ಅಭಿಪ್ರಾಯವೇನು’. ನನಗೆ ಖುಷಿಯೋ ಖುಷಿ. ಸ್ಟಾಫ್ ರೂಮಿಗೆ ಒಯ್ದು ಎಲ್ಲರಿಗೂ ತೋರಿಸಿದೆ.

ಆಮೇಲೆ ಸಾಂದ್ರತೆ ಪಾಠದ ಪರೀಕ್ಷೆ ಬಂತು. ಕಬ್ಬಿಣದ ಮೊಳೆ ನೀರಲ್ಲಿ ಮುಳುಗುತ್ತದೆ, ಕಬ್ಬಿಣದ ಹಡಗು ತೇಲುತ್ತದೆ, ಯಾಕೆ? ಅರ್ಧಕ್ಕಿಂತ ಜಾಸ್ತಿ ಮಕ್ಕಳು ‘ಮೊಳೆ ಭಾರ ಇರುವುದರಿಂದ’ ಅಂತ ಬರೆದಿದ್ದರು.

ಆ ರಾತ್ರಿ ಹಳೇ ಚೀಟಿಗಳನ್ನೆಲ್ಲ ಹರಡಿಕೊಂಡು ಕೂತೆ. ಒಂದು ಚೀಟಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದು ರಬ್ಬರಿನಲ್ಲಿ ಉಜ್ಜಿದ ಗುರುತಿತ್ತು. ಕಾಗದ ಅಲ್ಲಿ ಸ್ವಲ್ಪ ತೆಳುವಾಗಿತ್ತು. ಬೆಳಕಿಗೆ ಓರೆಯಾಗಿ ಹಿಡಿದಾಗ ಅಕ್ಷರ ಕಂಡವು: ‘ಸಾಂದ್ರತೆ ಅಂದ್ರೆ ತೂಕಾನೇ ಅಲ್ವಾ ಮಿಸ್?’ ಅದರ ಮೇಲೆಯೇ ಪೆನ್ನಿನಲ್ಲಿ ದುಂಡಗೆ: ‘ಸಾಂದ್ರತೆಯೇ ಇಲ್ಲದ ಜಗತ್ತು ಹೇಗಿರುತ್ತದೆ? ವಿಮರ್ಶಿಸಿ.’ ಕೆಳಗೆ ನನ್ನ ಕೆಂಪು ಶಾಯಿಯಲ್ಲಿ 5.

ನನ್ನ ತಪ್ಪು ಇದೇ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮಾಡುವಾಗ ಇದು ತಪ್ಪು ಅಂತ ಅನಿಸುವುದೇ ಇಲ್ಲ. ಪ್ರಶ್ನೆಯ ಮೊದಲ ಪದ ನೋಡಿ ನಾನು ಹಂತ ಹಾಕುತ್ತಿದ್ದೆ. ‘ಅಂದ್ರೆ ಏನು’ ಅಂದರೆ ಕೆಳಗೆ, ‘ಒಂದು ವೇಳೆ’ ಅಂದರೆ ಮೇಲೆ. ಆದರೆ ಆ ಹುಡುಗಿ ಅಳಿಸಿದ ಪ್ರಶ್ನೆ ನೋಡಿ. ಅವಳು ಎರಡು ವಿಷಯಗಳನ್ನು ಪಕ್ಕಪಕ್ಕ ಇಟ್ಟು, ಇವೆರಡೂ ಒಂದೇನಾ ಅಂತ ಅನುಮಾನಪಟ್ಟಿದ್ದಾಳೆ. ನಿಜವಾದ ಯೋಚನೆ ನಡೆದದ್ದು ಅಲ್ಲಿ. ಪೆನ್ನಿನಲ್ಲಿ ಬರೆದದ್ದು ಚಾರ್ಟಿನ ಪದ ಜೋಡಿಸಿದ್ದು, ಅಷ್ಟೇ. ಉತ್ತರ ಬೇಕು ಅಂತ ಅವಳಿಗೇ ಇರಲಿಲ್ಲ. ಅಂಕದಿಂದ ಮಕ್ಕಳು ಕಲಿತದ್ದು ಒಂದೇ: ಗೊತ್ತಿಲ್ಲದ್ದನ್ನು ಮುಚ್ಚಿಡಬೇಕು. ಅವರಿಗೆ ಏನು ಅರ್ಥ ಆಗಿಲ್ಲ ಅಂತ ನನಗೆ ತಿಳಿಯಲು ಇದ್ದ ದಾರಿ ಆ ಚೀಟಿಗಳು. ಆ ದಾರಿಯನ್ನು ನಾನೇ ಮುಚ್ಚಿದ್ದೆ.

ಅದಕ್ಕೇ ಹೇಳುತ್ತಿದ್ದೇನೆ, ‘ಏನು’ ಅಂತ ಕೇಳುವುದು ಸಮಸ್ಯೆ ಅಲ್ಲ. ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಮತ್ತು ಜೊತೆಗಾರರು 1956ರಲ್ಲಿ ಆ ವಿಂಗಡಣೆ ಮಾಡಿದ್ದು ಕಲಿಕೆಯ ಗುರಿಗಳಿಗೆ, ಅದನ್ನು ಮಾಡಿದವರು ಕಾಲೇಜು ಪರೀಕ್ಷೆಗಳನ್ನು ರೂಪಿಸುವವರು. ಹಂತಗಳ ಆ ಕ್ರಮವೂ ಖಾಯಂ ಅಲ್ಲ, 2001ರಲ್ಲಿ ಪರಿಷ್ಕರಿಸಿದಾಗ ಮೇಲಿನ ಎರಡು ಹಂತಗಳ ಜಾಗವೇ ಅದಲುಬದಲಾಯಿತು. ಪರೀಕ್ಷೆಯಲ್ಲಿ ಪ್ರಶ್ನೆ ಕೇಳುವವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಮಗುವಿಗೆ ಗೊತ್ತಿರುವುದಿಲ್ಲ, ಅದಕ್ಕೇ ಕೇಳುತ್ತದೆ. ನೀವು ಪ್ರಶ್ನೆಪತ್ರಿಕೆ ಮಾಡುವಾಗ ಚಾರ್ಟು ಇಟ್ಟುಕೊಳ್ಳಿ, ತುಂಬಾ ಉಪಯೋಗ. ಮಕ್ಕಳ ಪ್ರಶ್ನೆ ಅಳೆಯಲು ಬೇಡ.

ಮುಂದಿನ ವರ್ಷ ಬೇರೆ ಥರ ಮಾಡಿದೆ. ಅಂಕ ಇಲ್ಲ, ಚೀಟಿಯಲ್ಲಿ ಹೆಸರಿಲ್ಲ. ಪ್ರಶ್ನೆಗಳನ್ನು ಮಕ್ಕಳೇ ಮೂರು ಗುಂಪು ಮಾಡುತ್ತಾರೆ: ಉತ್ತರ ಪುಸ್ತಕದ ಒಂದೇ ಜಾಗದಲ್ಲಿ ಸಿಗುತ್ತಾ, ಎರಡು ಮೂರು ಕಡೆಯದನ್ನು ಜೋಡಿಸಬೇಕಾ, ಇಲ್ಲಾ ಪುಸ್ತಕದಲ್ಲೇ ಇಲ್ಲದೆ ಮಾಡಿ ನೋಡಬೇಕಾ, ವಾದ ಮಾಡಬೇಕಾ. ಯಾವ ಗುಂಪಿಗೆ ಸೇರುತ್ತದೆ ಅಂತ ಅವರೇ ಜಗಳ ಆಡುತ್ತಾರೆ. ಆಡಲಿ, ಹಂತಗಳ ವ್ಯತ್ಯಾಸ ತಿಳಿಯುವುದು ಆ ಜಗಳದಲ್ಲೇ. ಆಮೇಲೆ ಮೊದಲ ಗುಂಪಿನ ಒಂದು ಪ್ರಶ್ನೆ ತೆಗೆದುಕೊಂಡು, ಅದಕ್ಕೆ ಉತ್ತರ ಹುಡುಕಿ, ಆ ಉತ್ತರದಿಂದ ಹುಟ್ಟುವ ಮುಂದಿನ ಪ್ರಶ್ನೆ ಬರೆಯಬೇಕು. ಮೊದಲ ಗುಂಪು ದಾಟದೆ ಮೂರನೆಯದಕ್ಕೆ ಹಾರಲು ನಾನು ಬಿಡುವುದಿಲ್ಲ. ಇದು ಹಟ ಅಂತ ಕೆಲವರು ಹೇಳಿದ್ದಾರೆ. ಇರಲಿ.

ಇನ್ನೊಂದು, ಸುಮ್ನೆ ಕಾಯಿರಿ. ಮೇರಿ ಬಡ್ ರೋ ಅನ್ನುವ ಅಮೆರಿಕದ ಶಿಕ್ಷಣ ಸಂಶೋಧಕಿ ತರಗತಿಗಳಲ್ಲಿ ಅಳೆದು ನೋಡಿದಾಗ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ 1 ಸೆಕೆಂಡ್ ಅಷ್ಟೇ ಕಾಯುತ್ತಿದ್ದರು. 3 ಸೆಕೆಂಡ್ ಅಥವಾ ಜಾಸ್ತಿ ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಅವರಾಗಿ ಕೇಳುವ ಪ್ರಶ್ನೆಗಳೂ ಹೆಚ್ಚಾದವು.

ಆ ಅಳಿಸಿದ ಪ್ರಶ್ನೆಯನ್ನು ಹೊಸ ಬ್ಯಾಚಿನ ಮುಂದೆ ಬೋರ್ಡಿನ ಮೇಲೆ ಬರೆದು ಕಾದೆ. ಮೂರು ಸೆಕೆಂಡಿಗಿಂತ ತುಂಬಾ ಜಾಸ್ತಿಯೇ ಕಾಯಬೇಕಾಯಿತು. ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: ‘ತೂಕಾನೇ ಆಗಿದ್ರೆ ಅಷ್ಟು ದೊಡ್ಡ ಮರದ ದಿಮ್ಮಿ ಯಾಕೆ ಮುಳುಗಲ್ಲ, ಇಷ್ಟು ಚಿಕ್ಕ ಮೊಳೆ ಯಾಕೆ ಮುಳುಗುತ್ತೆ?’